ಸಂಪಿನ ಪೆಟ್ಟಿಗೆಯ ಮೆಮೊರಿ ಸೋರಿಕೆ: ಒಂದು ಉಪಕರಣ ಕಟ್ಟಿದ ದಾಖಲೆ

ಬನ್ನೇರುಘಟ್ಟ ರಸ್ತೆಯ ಆಸುಪಾಸಿನ ಒಂದು ಅಪಾರ್ಟ್‌ಮೆಂಟಿಗೆ ನಾನು ನೀರಿನ ಲೆಕ್ಕದ ಪೆಟ್ಟಿಗೆಯೊಂದನ್ನು ಕಟ್ಟಿಕೊಟ್ಟಿದ್ದೆ. ಸಂಪಿನ ಮತ್ತು ಓವರ್‌ಹೆಡ್ ಟ್ಯಾಂಕಿನ ಮಟ್ಟವನ್ನು ಅಳೆದು, ಕಾವೇರಿ ನೀರು ಎಷ್ಟು ಬಂತು, ಬೋರ್‌ವೆಲ್ಲಿನಿಂದ ಎಷ್ಟು ಎತ್ತಿದರು, ಟ್ಯಾಂಕರಿನವರು ನಿಜವಾಗಿ ಎಷ್ಟು ಸುರಿದರು ಎಂಬುದನ್ನು ಅದು ಬರೆದಿಡುತ್ತದೆ. ಒಳಗಿರುವುದು ನಾಲ್ಕು ಕೋರಿನ 64 ಬಿಟ್ ಆರ್ಮ್ ಬೋರ್ಡು, 1 ಜಿಬಿ ಮೆಮೊರಿ, 5.15 ಆವೃತ್ತಿಯ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಮತ್ತು ಎಸ್.ಪಿ. ರಸ್ತೆಯಲ್ಲಿ ಕೊಂಡ ಒಂದು ಯುಎಸ್‌ಬಿ ವೈಫೈ ಡಾಂಗಲ್. ಡಾಂಗಲ್ಲನ್ನು ನಡೆಸುವ ಕೋಡ್, ಅಂದರೆ ಡ್ರೈವರ್, ಮೂಲ ಕರ್ನಲ್ಲಿನಲ್ಲಿ ಇಲ್ಲ; ತಯಾರಕರು ಕೊಟ್ಟ ಸೋರ್ಸ್ ಕೋಡಿನ ಗಂಟನ್ನು ಬಿಚ್ಚಿ ನಾನೇ ಕಂಪೈಲ್ ಮಾಡಿ ಸೇರಿಸಿದ್ದೆ.

ಐದಾರು ವಾರಕ್ಕೊಮ್ಮೆ ಪೆಟ್ಟಿಗೆ ನಿಲ್ಲುತ್ತಿತ್ತು. ಎರಡು ಸಲ ಸೂಪರ್‌ವೈಸರ್ ಆಫ್ ಮಾಡಿ ಆನ್ ಮಾಡಿ ಸುಧಾರಿಸಿಕೊಂಡಿದ್ದರು. ಮೂರನೆಯ ಸಲ ಫೋನ್ ಬಂದಾಗ, “ಸಾರ್, ನಿಮ್ಮ ಬಾಕ್ಸು ಮತ್ತೆ ಹ್ಯಾಂಗ್ ಆಗಿದೆ, ಆಫ್ ಮಾಡಿ ಆನ್ ಮಾಡ್ಲಾ?” ಎಂದು ಅವರು ಕೇಳಿದ್ದಕ್ಕೆ, ದಯವಿಟ್ಟು ಮುಟ್ಟಬೇಡಿ, ನಾನೇ ಬರುತ್ತೇನೆ ಎಂದು ಹೇಳಿ ಸೀರಿಯಲ್ ಕೇಬಲ್ ಹಿಡಿದು ಹೊರಟೆ. ಆಫ್ ಮಾಡಿದರೆ ಸಾಕ್ಷಿಯೆಲ್ಲ ಅಳಿಸಿಹೋಗುತ್ತದೆ.

ಕನ್ಸೋಲಿನಲ್ಲಿ ಕಂಡದ್ದು ಹೀಗಿತ್ತು. ಮೆಮೊರಿ ಸಾಲದೆ ಕರ್ನಲ್ಲಿನ ಓಓಎಂ ಕಿಲ್ಲರ್ ನನ್ನ ಪ್ರೋಗ್ರಾಮನ್ನು ಕೊಂದಿತ್ತು. ಆದರೆ ಸಾಯುವ ಹೊತ್ತಿಗೆ ಆ ಪ್ರೋಗ್ರಾಮ್ ಬಳಸುತ್ತಿದ್ದುದು 14 ಎಂಬಿ ಮಾತ್ರ. ಮೆಮೊರಿ ಬಳಕೆ ತೋರಿಸುವ ಮೆಮ್‌ಇನ್ಫೋ ಕಡತದಲ್ಲಿ ಎಸ್‌ಅನ್‌ರಿಕ್ಲೇಮ್ ಎಂಬ ಸಾಲು, ಅಂದರೆ ಕರ್ನಲ್ ತನಗಾಗಿ ಇಟ್ಟುಕೊಂಡ, ಒತ್ತಡ ಬಂದರೂ ಮರಳಿಸಲಾಗದ ಸ್ಲ್ಯಾಬ್ ಮೆಮೊರಿ (ಒಂದೇ ಗಾತ್ರದ ತುಣುಕುಗಳ ಗುಂಪುಗಳಾಗಿ ಹಂಚುವ ಮೆಮೊರಿ), 600 ಎಂಬಿಯ ಹತ್ತಿರ ನಿಂತಿತ್ತು. ಆ ಗುಂಪುಗಳ ಲೆಕ್ಕ ತೋರಿಸುವ ಸ್ಲ್ಯಾಬ್‌ಟಾಪ್ ಓಡಿಸಿದರೆ ಕೆಮ್ಯಾಲಕ್-512 (ಕೆಮ್ಯಾಲಕ್ ಎಂದರೆ ಕರ್ನಲ್ಲಿನ ಕೋಡು ಮೆಮೊರಿ ಕೇಳುವ ಕರೆ) ಎಂಬ ಒಂದೇ ಗುಂಪಿನಲ್ಲಿ ಸುಮಾರು 11 ಲಕ್ಷ 46 ಸಾವಿರ ತುಣುಕುಗಳು, ಒಟ್ಟು 560 ಎಂಬಿ. ಪೆಟ್ಟಿಗೆ ಆನ್ ಆಗಿ 38 ದಿನವಾಗಿತ್ತು. ಪಡೆದ ಮೆಮೊರಿಯನ್ನು ಯಾರೋ ಮರಳಿಸುತ್ತಿಲ್ಲ, ಸೋರಿಕೆ ಎಂದರೆ ಇದೇ. ಎಷ್ಟು ಹೋಯಿತು ಎಂಬುದು ಇಷ್ಟರಲ್ಲೇ ತಿಳಿಯಿತು. ತೆಗೆದುಕೊಂಡವರು ಯಾರು ಎಂಬುದನ್ನು ಸ್ಲ್ಯಾಬ್‌ಟಾಪ್ ಹೇಳುವುದಿಲ್ಲ. 257ರಿಂದ 512 ಬೈಟ್‌ವರೆಗಿನ ಯಾವುದೇ ಕೋರಿಕೆಯೂ ಅದೇ ಗುಂಪಿನಿಂದ ಪೂರೈಕೆಯಾಗುತ್ತದೆ.

ಇರುವ ಉಪಕರಣಗಳನ್ನು ಬಿಟ್ಟು ಹೊಸದನ್ನು ಕಟ್ಟಲು ಹೊರಟೆನೆಂದು ಯಾರೂ ಭಾವಿಸಬಾರದು. ಮೊದಲು ಅವನ್ನೇ ಪ್ರಯತ್ನಿಸಿದೆ. ಸೋರಿಕೆ ಹುಡುಕುವ ಕೆಮೆಮ್‌ಲೀಕ್ 2009ರಿಂದ, 2.6.31ನೆಯ ಆವೃತ್ತಿಯಿಂದ, ಕರ್ನಲ್ಲಿನಲ್ಲೇ ಇದೆ. ಅದು ಹತ್ತು ನಿಮಿಷಕ್ಕೊಮ್ಮೆ ಕರ್ನಲ್ಲಿನ ದತ್ತಾಂಶವನ್ನೆಲ್ಲ ಜಾಲಾಡಿ, ಯಾವ ಪಾಯಿಂಟರೂ (ಮೆಮೊರಿಯ ವಿಳಾಸ ಹಿಡಿದಿಟ್ಟ ಗುರುತು) ತೋರಿಸದ ತುಣುಕುಗಳನ್ನು ಅನಾಥವೆಂದು ವರದಿ ಮಾಡುತ್ತದೆ. ಕರ್ನಲ್ಲನ್ನು ಮತ್ತೆ ಕಂಪೈಲ್ ಮಾಡಿ, ಮನೆಯ ಮೇಜಿನ ಮೇಲೆ ಇನ್ನೊಂದು ಬೋರ್ಡಿನಲ್ಲಿ ಎರಡು ದಿನ ಓಡಿಸಿದೆ. ಒಂದು ಸಾಲೂ ಬರಲಿಲ್ಲ. ಅದು ಬರದೇ ಇದ್ದುದರ ಅರ್ಥ ಆಮೇಲೆ ಹೊಳೆಯಿತು. ಸ್ಲಬ್ ಡೀಬಗ್ ಸೌಲಭ್ಯ ಪ್ರತಿ ತುಣುಕಿಗೂ ಪಡೆದವರ ಗುರುತು ಅಂಟಿಸುತ್ತದೆ, ಆದರೆ ಬೂಟ್ ಸಾಲಿನಲ್ಲೇ ಹೇಳಿರಬೇಕು, ಪ್ರತಿ ತುಣುಕೂ ಆ ಗುರುತಿನಷ್ಟು ಹಿಗ್ಗುತ್ತದೆ. ಬಿಸಿಸಿ ಎಂಬ ಉಪಕರಣ ಸಂಗ್ರಹದ ಪೈಥಾನ್ ಆವೃತ್ತಿಯ ಮೆಮ್‌ಲೀಕ್ ಬಳಸಲು ಬೋರ್ಡಿನ ಮೇಲೆಯೇ ಪೈಥಾನ್, ಕ್ಲ್ಯಾಂಗ್ ಎಲ್ಲ ಬೇಕು. 1 ಜಿಬಿಯ ಪೆಟ್ಟಿಗೆಗೆ ಅದು ಹೊರಲಾರದ ಹೊರೆ. 2024ರಲ್ಲಿ 6.10ನೆಯ ಆವೃತ್ತಿಯೊಂದಿಗೆ ಬಂದ ಅಲಾಕ್‌ಇನ್ಫೋ ಕಡತವಿದ್ದಿದ್ದರೆ ಸೋರ್ಸ್ ಕೋಡಿನ ಯಾವ ಸಾಲು ಎಷ್ಟು ಹಿಡಿದಿದೆ ಎಂದು ಅದೇ ಹೇಳುತ್ತಿತ್ತು. ಆದರೆ ನನ್ನ ಬೋರ್ಡಿಗೆ ಸಿಗುವ ಕರ್ನಲ್ 5.15ರಲ್ಲೇ ನಿಂತಿದೆ.

ಹಾಗಾಗಿ, ಓಡುತ್ತಿರುವ ಕರ್ನಲ್ಲಿನೊಳಗೆ ಸಣ್ಣ ಪ್ರೋಗ್ರಾಮುಗಳನ್ನು ಓಡಿಸಲು ಬಿಡುವ ಇಬಿಪಿಎಫ್ ಬಳಸಿ ಸಣ್ಣದೊಂದನ್ನು ಬರೆಯಲು ಕುಳಿತೆ. ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಮಾಡಿ, ಒಂದೇ ಕಡತವನ್ನು ಬೋರ್ಡಿಗೆ ನಕಲಿಸಿದರೆ ಓಡಬೇಕು. ಕರ್ನಲ್ ಬದಲಿಸಬಾರದು, ರೀಬೂಟ್ ಬೇಡಬಾರದು. ಕರ್ನಲ್ಲಿನಲ್ಲಿ ಬಿಟಿಎಫ್ ಮಾಹಿತಿ (ಅದರ ದತ್ತಾಂಶ ರಚನೆಗಳ ವಿವರ) ಇದ್ದುದರಿಂದ ಇದು ಸಾಧ್ಯವಾಯಿತು. ಲೆಕ್ಕ ಸರಳ: ಕೆಮ್ಯಾಲಕ್ ಟ್ರೇಸ್‌ಪಾಯಿಂಟ್ (ಘಟನೆ ನಡೆದಾಗ ಸುಳಿವು ಕೊಡಲು ಕರ್ನಲ್ಲಿನಲ್ಲೇ ಇಟ್ಟ ಗಂಟೆ) ಬಡಿದಾಗಲೆಲ್ಲ ತುಣುಕಿನ ವಿಳಾಸವನ್ನು ಕೀಲಿಯಾಗಿಸಿ ಅದರ ಗಾತ್ರ, ಹೊತ್ತು ಮತ್ತು ಕರೆಗಳ ಸ್ಟ್ಯಾಕಿನ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಸರಣಿಯ) ಗುರುತನ್ನು ಹ್ಯಾಶ್ ಕೋಷ್ಟಕದಲ್ಲಿ ಬರೆಯುವುದು, ಮೆಮೊರಿ ಮರಳಿಸುವ ಕೆಫ್ರೀ ಬಡಿದಾಗ ಆ ಸಾಲನ್ನು ಅಳಿಸುವುದು. ಉಳಿದವು ಇನ್ನೂ ಯಾರದೋ ಕೈಯಲ್ಲಿವೆ. ಕೋಷ್ಟಕದ ಜಾಗವನ್ನೆಲ್ಲ ಮೊದಲೇ ಕಾಯ್ದಿರಿಸಿದೆ. ಮೆಮೊರಿ ಹಂಚುವ ದಾರಿಯಲ್ಲೇ ನಿಂತು ನೋಡುವ ಪ್ರೋಗ್ರಾಮ್ ತಾನೇ ಆಗಾಗ ಮೆಮೊರಿ ಕೇಳತೊಡಗಿದರೆ ಬೀಗದ ಮೇಲೆ ಬೀಗ ಬಿದ್ದು ಇಡೀ ಪೆಟ್ಟಿಗೆ ಸ್ತಬ್ಧವಾಗುವ ಅಪಾಯವಿದೆ. 65,536 ಸಾಲುಗಳ ಕೋಷ್ಟಕಕ್ಕೆ ಸುಮಾರು 6 ಎಂಬಿ ಹೋಯಿತು, ಅದು ಸಹಿಸಬಹುದಾದದ್ದು.

ಇಷ್ಟು ಸಾಲುಗಳು ಸಾಲುವುದಿಲ್ಲವೆಂದು ಗೊತ್ತಿತ್ತು, ಆದ್ದರಿಂದ ಎಂಟರಲ್ಲಿ ಒಂದನ್ನು ಮಾತ್ರ ಹಿಡಿಯಬೇಕೆಂದು ತೀರ್ಮಾನಿಸಿದೆ. ಪ್ರತಿ ಎಂಟನೆಯ ಘಟನೆಯನ್ನು ಹಿಡಿಯುವ ರೀತಿ ಇಲ್ಲಿ ನಡೆಯದು. ಹಂಚಿಕೆಯನ್ನು ಹಿಡಿದು ಅದರ ಬಿಡುಗಡೆಯನ್ನು ಬಿಟ್ಟರೆ ಎಲ್ಲವೂ ಸೋರಿಕೆಯಂತೆ ಕಾಣುತ್ತದೆ. ವಿಳಾಸವನ್ನೇ ನೋಡಿ ಆರಿಸಿದರೆ ಹಂಚಿಕೆ, ಬಿಡುಗಡೆ ಎರಡೂ ಒಟ್ಟಿಗೇ ಒಳಗೆ ಬರುತ್ತವೆ ಅಥವಾ ಒಟ್ಟಿಗೇ ಹೊರಗೆ ಉಳಿಯುತ್ತವೆ. ಅಷ್ಟು ಯೋಚಿಸಿದವನು ಮುಂದಿನ ಹೆಜ್ಜೆಯಲ್ಲಿ ಎಡವಿದೆ. ವಿಳಾಸವನ್ನು ನಾಲ್ಕು ಬಿಟ್ ಬಲಕ್ಕೆ ಸರಿಸಿ, ಉಳಿದದ್ದರ ಕೊನೆಯ ಮೂರು ಬಿಟ್ ಸೊನ್ನೆಯಾಗಿದ್ದರೆ ಹಿಡಿ ಎಂದು ಬರೆದೆ. ನೋಡಲು ಎಂಟರಲ್ಲಿ ಒಂದು ಸರಿ. ಮೊದಲ ವರದಿಯಲ್ಲಿ ಕೆಮ್ಯಾಲಕ್-512ರ ಬೆಳವಣಿಗೆ ಕರ್ನಲ್ಲಿನ ಸ್ವಂತ ಲೆಕ್ಕದ ಕಡತವಾದ ಸ್ಲ್ಯಾಬ್‌ಇನ್ಫೋ ಹೇಳುವುದಕ್ಕಿಂತ ಎಂಟು ಪಟ್ಟು ಬಂತು. ಸರಿಯಾಗಿ ಎಂಟು ಪಟ್ಟು ಬಂದದ್ದೇ ಒಳ್ಳೆಯದಾಯಿತು. ಏಳೂವರೆಯೋ ಒಂಬತ್ತೋ ಬಂದಿದ್ದರೆ ಬೇರೆಲ್ಲೋ ಹುಡುಕುತ್ತಿದ್ದೆ. ಲಿನಕ್ಸ್ 5.4ರಿಂದ ಈಚೆಗೆ ಎರಡರ ಘಾತದ ಗಾತ್ರದ ಕೆಮ್ಯಾಲಕ್ ತುಣುಕುಗಳು ತಮ್ಮ ಗಾತ್ರದ ಗಡಿಯಲ್ಲೇ ಕೂರುತ್ತವೆ. 512 ಬೈಟಿನ ತುಣುಕಿನ ವಿಳಾಸದಲ್ಲಿ ಕೊನೆಯ ಒಂಬತ್ತು ಬಿಟ್‌ಗಳೂ ಯಾವಾಗಲೂ ಸೊನ್ನೆ. ನಾನು ನೋಡುತ್ತಿದ್ದ ಮೂರು ಬಿಟ್‌ಗಳು ಅದರೊಳಗೇ ಬರುತ್ತವೆ, ಆದ್ದರಿಂದ ಆ ಗುಂಪಿನ ತುಣುಕುಗಳೆಲ್ಲವೂ ನನ್ನ ಬಲೆಗೆ ಬೀಳುತ್ತಿದ್ದವು, ಆಮೇಲೆ ನಾನು ಎಂಟರಿಂದ ಗುಣಿಸುತ್ತಿದ್ದೆ. 64 ಬೈಟಿನವುಗಳಲ್ಲಿ ಅರ್ಧ ಬೀಳುತ್ತಿದ್ದವು. ವಿಳಾಸವನ್ನು ಒಂದು ದೊಡ್ಡ ಬೆಸ ಸಂಖ್ಯೆಯಿಂದ ಗುಣಿಸಿ ಮೇಲಿನ ಮೂರು ಬಿಟ್‌ಗಳನ್ನು ನೋಡುವಂತೆ ತಿದ್ದಿದೆ; ಕರ್ನಲ್ ತನ್ನ ಹ್ಯಾಶ್‌ಗಳಿಗೆ ಮಾಡುವುದೂ ಅದನ್ನೇ. ಆಮೇಲೆ ಅಂಕಿಗಳು ತಾಳೆಯಾದವು.

ಈ ಪೆಟ್ಟಿನ ನಂತರ ಒಂದು ನಿಯಮ ಹಾಕಿಕೊಂಡೆ: ಯಾರ ಮೇಲಾದರೂ ಬೆರಳು ತೋರಿಸುವ ಮೊದಲು ಉಪಕರಣ ತಾನು ಏನನ್ನು ಕಾಣಲಿಲ್ಲ ಎಂಬುದನ್ನು ಹೇಳಬೇಕು. ಅದಕ್ಕಾಗಿ ಮೂರು ಎಣಿಕೆಗಳನ್ನು ಸೇರಿಸಿದೆ. ಕೋಷ್ಟಕ ತುಂಬಿದ್ದರಿಂದಲೋ, ಬರೆಯುತ್ತಿರುವಾಗಲೇ ಅದೇ ಸಿಪಿಯುವಿನಲ್ಲಿ ಇಂಟರಪ್ಟ್ ಬಂದದ್ದರಿಂದಲೋ ದಾಖಲಾಗದೆ ಹೋದ ಹಂಚಿಕೆಗಳು ಮೊದಲನೆಯದು; ಮೊದಲ ಆವೃತ್ತಿಯಲ್ಲಿ ಬರೆಯುವ ಕರೆ ವಿಫಲವಾಯಿತೇ ಎಂದು ನಾನು ನೋಡುತ್ತಲೇ ಇರಲಿಲ್ಲ. ಸ್ಲ್ಯಾಬ್‌ಇನ್ಫೋ ಜೊತೆಗಿನ ತಾಳೆ ಎರಡನೆಯದು. ಸಿಪಿಯುಗಳ ಬಳಿ ಕಾದಿರಿಸಿದ ತುಣುಕುಗಳನ್ನೂ ಅದು ಬಳಕೆಯಲ್ಲಿವೆ ಎಂದೇ ಎಣಿಸುವುದರಿಂದ ಒಂದಷ್ಟು ಏರುಪೇರು ಇದ್ದೇ ಇರುತ್ತದೆ.

ಮೂರನೆಯದು ನನಗೆ ಅತ್ಯಂತ ಇಷ್ಟವಾದ ಎಣಿಕೆ. ಒಂದು ವಿಳಾಸ ಕೋಷ್ಟಕದಲ್ಲಿ ಇನ್ನೂ ಜೀವಂತವಾಗಿರುವಾಗಲೇ ಅದೇ ವಿಳಾಸ ಹೊಸ ಹಂಚಿಕೆಯಾಗಿ ಬಂದರೆ, ಮೆಮೊರಿ ಹಂಚುವ ಅಲಾಕೇಟರ್ ಒಂದೇ ತುಣುಕನ್ನು ಇಬ್ಬರಿಗೆ ಕೊಡುವುದಿಲ್ಲವಾದ್ದರಿಂದ, ನಡುವೆ ಒಂದು ಬಿಡುಗಡೆ ನಡೆದಿದೆ ಮತ್ತು ಅದು ನನ್ನ ಕಣ್ಣು ತಪ್ಪಿಸಿದೆ ಎಂದೇ ಅರ್ಥ. ಕೆಫ್ರೀ ಟ್ರೇಸ್‌ಪಾಯಿಂಟ್ ತುಣುಕು ನಿಜವಾಗಿ ಮರಳುವುದಕ್ಕಿಂತ ಮೊದಲೇ ಬಡಿಯುವುದರಿಂದ ಬೇರೆ ಸಿಪಿಯುಗಳ ನಡುವಿನ ಹಿಂದುಮುಂದಿನ ಗೊಂದಲವೂ ಇಲ್ಲಿಲ್ಲ. ಇಂಥ ಪ್ರಕರಣವನ್ನು ತಪ್ಪಿದ ಬಿಡುಗಡೆ ಎಂದು ಕರೆದು, ಹಳೆಯ ಸಾಲಿನ ಸ್ಟ್ಯಾಕ್ ಯಾವುದಿತ್ತೋ ಅದರ ಹೆಸರಿಗೆ ಬರೆದೆ.

ಅದು ಒಂದೇ ಸಂಜೆಯಲ್ಲಿ ತನ್ನ ಬೆಲೆ ತೋರಿಸಿತು. ಮೇಜಿನ ಮೇಲಿನ ಬೋರ್ಡಿನಲ್ಲಿ ವೈಫೈ ಸ್ಕ್ಯಾನನ್ನು ಮತ್ತೆ ಮತ್ತೆ ಓಡಿಸಿದಾಗ ವರದಿಯ ತುದಿಯಲ್ಲಿ ನಿಂತದ್ದು ಸಿಎಫ್‌ಜಿ80211, ಅಂದರೆ ಲಿನಕ್ಸಿನ ಎಲ್ಲ ಆಧುನಿಕ ವೈಫೈ ಡ್ರೈವರ್‌ಗಳೂ ಅವಲಂಬಿಸುವ ಮೂಲ ಕರ್ನಲ್ಲಿನ ಭಾಗ. ಸ್ಕ್ಯಾನಿನಲ್ಲಿ ಕಂಡ ಪ್ರತಿ ಜಾಲದ ಮಾಹಿತಿಗೂ ಅದು ಒಂದು ತುಣುಕು ಪಡೆಯುತ್ತಿತ್ತು, ಮರಳಿಸುತ್ತಿರಲಿಲ್ಲ ಎಂದು ನನ್ನ ಉಪಕರಣ ಹೇಳುತ್ತಿತ್ತು. ಲೋಕವೆಲ್ಲ ಬಳಸುವ ಕೋಡಿನಲ್ಲಿ ಇಷ್ಟು ದೊಡ್ಡ ತೂತು ಇದ್ದು ಯಾರಿಗೂ ಕಾಣಲಿಲ್ಲವೇ ಎಂಬ ಅನುಮಾನ ಬರುವಷ್ಟರಲ್ಲಿ ಪಕ್ಕದ ಅಂಕಣ ನೋಡಿದೆ: ಅದೇ ಸ್ಟ್ಯಾಕಿನ ಹೆಸರಿನಲ್ಲಿ ತಪ್ಪಿದ ಬಿಡುಗಡೆಗಳು ರಾಶಿ ರಾಶಿಯಾಗಿ ಬಿದ್ದಿದ್ದವು. ಅದು ತುಣುಕುಗಳನ್ನು ಮರಳಿಸುತ್ತಿತ್ತು, ನಾನು ಕಾಣುತ್ತಿರಲಿಲ್ಲ.

ಕಾರಣ ಹುಡುಕಲು ಅರ್ಧ ರಾತ್ರಿ ಹೋಯಿತು. ಸಿಎಫ್‌ಜಿ80211 ಹಳೆಯ ಮಾಹಿತಿಯನ್ನು ಕೆಫ್ರೀ-ಆರ್‌ಸಿಯು ಮೂಲಕ ಬಿಡುತ್ತದೆ: ಓದುತ್ತಿರುವವರೆಲ್ಲ ಮುಗಿಸಲಿ, ಆಮೇಲೆ ಬಿಡು ಎಂಬ ಏರ್ಪಾಡು. ಹಾಗೆ ಕಾದಿಟ್ಟ ಪಾಯಿಂಟರ್‌ಗಳನ್ನು ಕರ್ನಲ್ ಒಂದು ಪುಟದಲ್ಲಿ (ಮೆಮೊರಿಯ ಒಂದು ನಿಗದಿತ ತುಂಡಿನಲ್ಲಿ) ಸಾಲಾಗಿ ಜೋಡಿಸಿ, ಕೊನೆಗೆ ಗುಂಪಾಗಿ ಒಂದೇ ಕರೆಯಲ್ಲಿ ಮರಳಿಸುತ್ತದೆ. ಆ ಗುಂಪು ಬಿಡುಗಡೆಯ ದಾರಿಯಲ್ಲಿ ಕೆಫ್ರೀ ಟ್ರೇಸ್‌ಪಾಯಿಂಟ್ ಇಲ್ಲ. ಮುಂಬಾಗಿಲಲ್ಲಿ ಕುಳಿತ ಕಾವಲುಗಾರನಿಗೆ ಹಿತ್ತಿಲ ಬಾಗಿಲಿನಿಂದ ಹೊರಟ ಲಾರಿ ಕಾಣುವುದಾದರೂ ಹೇಗೆ? ಈ ಬೋರ್ಡಿನ 5.15 ಕರ್ನಲ್ಲಿನಲ್ಲಿ ಫಂಕ್ಷನ್ನಿನ ಬಾಗಿಲಲ್ಲೇ ಕೊಕ್ಕೆ ಹಾಕುವ ಎಫ್‌ಎಂಟ್ರಿ ಕೆಲಸ ಮಾಡದ್ದರಿಂದ ಗುಂಪು ಬಿಡುಗಡೆಯ ಫಂಕ್ಷನ್ನಿಗೆ ಅಂಥದೇ ಹಳೆಯ ಕೊಕ್ಕೆಯಾದ ಕೆಪ್ರೋಬ್ ಹಾಕಿ, ಅದರೊಳಗೆ ಬರುವ ಪಾಯಿಂಟರ್‌ಗಳ ಸಾಲನ್ನು 512ರ ಮಿತಿಯ ಲೂಪಿನಲ್ಲಿ ಓದಿ, ಒಂದೊಂದನ್ನೂ ಕೋಷ್ಟಕದಿಂದ ಅಳಿಸಿದೆ. ಲೂಪಿಗೆ ಮಿತಿಯಿದೆ ಎಂದು ಪ್ರೋಗ್ರಾಮನ್ನು ಮೊದಲೇ ಪರೀಕ್ಷಿಸುವ ಇಬಿಪಿಎಫ್ ವೆರಿಫೈಯರನ್ನು ಒಪ್ಪಿಸುವುದು ಬೇರೆಯೇ ಪಂಚಾಯಿತಿ. ಅದನ್ನು ಇಲ್ಲಿ ಬಿಡಿಸುವುದಿಲ್ಲ. ತಪ್ಪಿದ ಬಿಡುಗಡೆಗಳು ಸಾವಿರಗಳಿಂದ ಸೊನ್ನೆಯ ಹತ್ತಿರಕ್ಕೆ ಇಳಿದವು, ಸಿಎಫ್‌ಜಿ80211 ಪಟ್ಟಿಯಿಂದಲೇ ಮಾಯವಾಯಿತು, ಮತ್ತು ವರದಿಯಲ್ಲಿ ಆರೋಪಿಯೇ ಉಳಿಯಲಿಲ್ಲ.

ಆರೋಪಿ ಉಳಿಯದಿದ್ದುದಕ್ಕೆ ನನ್ನ ಮನೆಯೇ ಕಾರಣ. ನಮ್ಮ ರೌಟರ್ ಯುಪಿಎಸ್ ಮೇಲಿದೆ, ಕರೆಂಟ್ ಹೋದರೂ ಅದು ಆರುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಪೆಟ್ಟಿಗೆಗೆ ನಾನು ಬ್ಯಾಟರಿ ಕೊಟ್ಟಿದ್ದೆ, ಅಲ್ಲಿನ ರೌಟರಿಗೆ ಯಾರೂ ಕೊಟ್ಟಿರಲಿಲ್ಲ. ಮಳೆಗಾಲದಲ್ಲಿ ಎಲ್ಲೋ ಕೊಂಬೆ ಬಿದ್ದು ಕರೆಂಟ್ ಹೋದಾಗ ರೌಟರ್ ಆರುತ್ತದೆ, ಪೆಟ್ಟಿಗೆ ಎಚ್ಚರವಾಗಿದ್ದು ಹತ್ತು ಸೆಕೆಂಡಿಗೊಮ್ಮೆ ಜಾಲ ಹುಡುಕುತ್ತಲೇ ಇರುತ್ತದೆ. ಮನೆಯಲ್ಲಿ ರೌಟರನ್ನು ಆರಿಸಿ ನೋಡಿದಾಗ ಸೋರಿಕೆ ಕಂಡಿತು, ಆದರೆ ನಿಧಾನವಾಗಿ. ನಮ್ಮ ಬೀದಿಯಲ್ಲಿ ಕೇಳಿಸುವುದು ಒಂಬತ್ತು ಜಾಲಗಳು.

ನಿಜವಾದ ಪರೀಕ್ಷೆಗೆ ಅಪಾರ್ಟ್‌ಮೆಂಟಿನ ಎಲೆಕ್ಟ್ರಿಕಲ್ ರೂಮಿಗೇ ಹೋಗಿ ಕುಳಿತೆ. ಸೂಪರ್‌ವೈಸರ್ ಒಂದು ಗಂಟೆ ರೌಟರ್ ಆರಿಸಲು ಒಪ್ಪಿ, ಸಿಸಿಟಿವಿ ಅದರ ಮೇಲೆ ಇಲ್ಲವಷ್ಟೇ ಎಂದು ಎರಡು ಸಲ ಕೇಳಿಕೊಂಡರು. ಗೋಡೆಯ ಆಚೆ ಈಚೆ ಎಲ್ಲ ಫ್ಲ್ಯಾಟುಗಳೂ ಸೇರಿ ಅಲ್ಲಿ ಸುಮಾರು 42 ಜಾಲಗಳು ಕೇಳಿಸುತ್ತಿದ್ದವು. ಅವರವರ ಯುಪಿಎಸ್‌ಗಳ ಕೃಪೆಯಿಂದ ಕರೆಂಟ್ ಹೋದಾಗಲೂ ಬಹುಪಾಲು ಹಾಗೇ ಇರುತ್ತವಂತೆ. ಗಂಟೆ ಮುಗಿದಾಗ ವರದಿಯ ಮೊದಲೆರಡು ಸಾಲು ಹೀಗಿದ್ದವು:

ದಾಖಲಾಗದ ಹಂಚಿಕೆ 3, ತಪ್ಪಿದ ಬಿಡುಗಡೆ 0, ಸ್ಲ್ಯಾಬ್‌ಇನ್ಫೋ ತಾಳೆ 99%
ಕೆಮ್ಯಾಲಕ್-512: ಹಿಡಿದದ್ದು 1,874, ಅಂದಾಜು 14,992, ಮರಳಿದ್ದು 0

ಸ್ಟ್ಯಾಕಿನ ತುದಿಯಲ್ಲಿ ಮೆಮೊರಿಯ ನಕಲು ತೆಗೆಯುವ ಕೆಮೆಮ್‌ಡ್ಯೂಪ್, ಅದರ ಕೆಳಗೆ ಡಾಂಗಲ್ ಡ್ರೈವರಿನ ಸ್ಕ್ಯಾನ್ ಫಲಿತಾಂಶದ ಫಂಕ್ಷನ್. ಲೆಕ್ಕ ಹಾಕಿದರೆ 42 ಜಾಲ, ಗಂಟೆಗೆ 360 ಸ್ಕ್ಯಾನ್, ಅಂದರೆ 15,120 ತುಣುಕು. ಒಂದೊಂದೂ 512 ಬೈಟ್, ಗಂಟೆಗೆ ಸುಮಾರು 7.4 ಎಂಬಿ. 560 ಎಂಬಿ ತುಂಬಲು 76 ಗಂಟೆ ರೌಟರ್ ಆರಿರಬೇಕು. 38 ದಿನಕ್ಕೆ ಹಂಚಿದರೆ ದಿನಕ್ಕೆ ಎರಡು ಗಂಟೆ. ಆ ಮಳೆಗಾಲದ ಕರೆಂಟಿನ ನೆನಪಿರುವವರಿಗೆ ಈ ಅಂಕಿ ಅಚ್ಚರಿ ಹುಟ್ಟಿಸುವುದಿಲ್ಲ.

ಆದರೂ ಮರಳಿದ್ದು ಸೊನ್ನೆ ಎಂದಷ್ಟೇ ನೋಡಿ ಸೋರಿಕೆ ಎನ್ನುವುದು ಅವಸರ. ಕ್ಯಾಶ್ ಕೂಡ ಮೊದಲ ಗಂಟೆಯಲ್ಲಿ ಹೀಗೇ ಬೆಳೆಯುತ್ತದೆ. ಇದಕ್ಕಾಗಿ ಪ್ರತಿ ಸ್ಟ್ಯಾಕಿನ ತುಣುಕುಗಳನ್ನು ವಯಸ್ಸಿನ ಪ್ರಕಾರ ನಾಲ್ಕು ಪಾಲು ಮಾಡಿದ್ದೆ: ಒಂದು ನಿಮಿಷದೊಳಗಿನವು, ಹತ್ತು ನಿಮಿಷದೊಳಗಿನವು, ಗಂಟೆಯೊಳಗಿನವು, ಗಂಟೆ ದಾಟಿದವು. ಕ್ಯಾಶಿನಲ್ಲಿ ಹಳೆಯ ಪಾಲು ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ, ಹೊಸದು ಬಂದಷ್ಟು ಹಳೆಯದು ಹೋಗುತ್ತದೆ. ಸೋರಿಕೆಯಲ್ಲಿ ಹೊಸ ಪಾಲಿಗೆ ಬಂದದ್ದೆಲ್ಲವೂ ಒಂದಂಶವೂ ಕಡಿಮೆಯಾಗದೆ ಹಳೆಯ ಪಾಲಿಗೆ ಜಾರುತ್ತದೆ. ರೌಟರ್ ಮತ್ತೆ ಹಚ್ಚಿದ ಮೇಲೂ ಇನ್ನೆರಡು ಗಂಟೆ ಕಾದೆ, ಸೂಪರ್‌ವೈಸರ್ ತರಿಸಿಕೊಟ್ಟ ಎರಡು ಲೋಟ ಚಹಾ ಕುಡಿದೆ. ಹೊಸ ತುಣುಕು ಬರುವುದು ನಿಂತಿತು. ಹಳೆಯ ಪಾಲಿನ ಅಂಕಿ ಒಂದೂ ಇಳಿಯಲಿಲ್ಲ.

ಡ್ರೈವರಿನ ಕೋಡ್ ತೆರೆದಾಗ ಕೆಮೆಮ್‌ಲೀಕ್ ಸುಮ್ಮನಿದ್ದುದರ ಗುಟ್ಟು ತಿಳಿಯಿತು. ಸ್ಕ್ಯಾನಿನಲ್ಲಿ ಕಂಡ ಪ್ರತಿ ಜಾಲದ ವಿವರದ ನಕಲು ತೆಗೆದು, ಸಂಪರ್ಕ ಸಿಗದಿದ್ದರೆ ಆ ನಕಲನ್ನು ‘ಬಾಕಿ’ ಎಂಬರ್ಥದ ಹೆಸರಿನ ಲಿಸ್ಟಿಗೆ ಸೇರಿಸುತ್ತಾರೆ. ಆ ಲಿಸ್ಟನ್ನು ಖಾಲಿ ಮಾಡುವ ಕೋಡ್ ಇರುವುದು ಒಂದೇ ಕಡೆ, ಮಾಡ್ಯೂಲನ್ನು, ಅಂದರೆ ಕರ್ನಲ್ಲಿಗೆ ಸೇರಿಸಿದ ಆ ಡ್ರೈವರನ್ನು, ಕಿತ್ತುಹಾಕುವ ಫಂಕ್ಷನ್ನಿನಲ್ಲಿ. ಲಿಸ್ಟಿನ ತಲೆ ಡ್ರೈವರಿನ ಕೈಯಲ್ಲೇ ಇದೆ, ಅಲ್ಲಿಂದ ಪ್ರತಿ ತುಣುಕಿಗೂ ಪಾಯಿಂಟರ್ ಇದೆ, ಯಾವುದೂ ಅನಾಥವಲ್ಲ. ಮನೆಯಲ್ಲಿ ರೌಟರ್ ಆರದೆ ಲಿಸ್ಟು ಬೆಳೆದೇ ಇರಲಿಲ್ಲ ಎಂಬುದು ನಿಜ, ಆದರೆ ಬೆಳೆದಿದ್ದರೂ ಕೆಮೆಮ್‌ಲೀಕಿನ ಶಾಸ್ತ್ರದ ಪ್ರಕಾರ ಅದು ಸೋರಿಕೆಯಲ್ಲ. ರೌಟರ್ ಆರಿಸಿ ಮತ್ತೊಮ್ಮೆ ಓಡಿಸಿದೆ, ಆಗಲೂ ಅದು ಮೌನವಾಗಿಯೇ ಇತ್ತು. ಹಳೆಯ ದಿನಪತ್ರಿಕೆಗಳನ್ನು ಅಟ್ಟದ ಮೇಲೆ ಒಟ್ಟುತ್ತ ಹೋಗುವ ಮನೆಯವರ ಬಳಿ, ಏನಾದರೂ ಕಳೆದುಕೊಂಡಿದ್ದೀರಾ ಎಂದು ಕೇಳಿದಂತೆ ಅದು. ಖಾತ್ರಿಗಾಗಿ ಮಾಡ್ಯೂಲನ್ನು ಕಿತ್ತು ನೋಡಿದೆ: ಆ ಸ್ಟ್ಯಾಕಿನ ಜೀವಂತ ತುಣುಕುಗಳು ಒಮ್ಮೆಗೇ ಸೊನ್ನೆಗೆ ಬಂದವು. ಹೀಗೆ ಕಿತ್ತಾಗ ಸ್ಟ್ಯಾಕಿನ ವಿಳಾಸಗಳಿಗೆ ಹೆಸರು ಸಿಗದೆ ಬರೀ ಅಂಕಿಗಳು ಉಳಿದದ್ದು ಇನ್ನೊಂದು ಪಾಠವಾಯಿತು; ಈಗ ಉಪಕರಣ ಶುರುವಾದಾಗಲೇ ಫಂಕ್ಷನ್‌ಗಳ ಹೆಸರುಪಟ್ಟಿಯ ನಕಲನ್ನು ಇಟ್ಟುಕೊಳ್ಳುತ್ತದೆ.

ದುರಸ್ತಿ ಏಳು ಸಾಲಿನದು: ಹೊಸ ಸ್ಕ್ಯಾನ್ ಶುರುವಾಗುವ ಮೊದಲು, ಬೀಗ ಹಿಡಿದು, ಬಾಕಿ ಲಿಸ್ಟಿನಲ್ಲಿ ಇರುವುದನ್ನೆಲ್ಲ ಬಿಡುಗಡೆ ಮಾಡುವುದು. ಆ ಲಿಸ್ಟನ್ನು ಡ್ರೈವರಿನ ಬೇರಾವ ಭಾಗವೂ ಓದುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ತಿದ್ದಿದೆ. ಡಾಂಗಲ್ ತಯಾರಕರಿಗೆ ತಿದ್ದುಪಡಿ ಕಳಿಸಿದ್ದೇನೆ, ಉತ್ತರ ಬಂದಿಲ್ಲ. ತಿದ್ದಿದ ಡ್ರೈವರ್ ಹಾಕಿ 27 ದಿನವಾದಾಗ ಎಸ್‌ಅನ್‌ರಿಕ್ಲೇಮ್ 41 ಎಂಬಿಯಲ್ಲಿತ್ತು, ಆ ನಡುವೆ ಕರೆಂಟ್ ಹೋದದ್ದೇನೂ ಕಡಿಮೆಯಲ್ಲ.

ಉಪಕರಣದ ಕೆಲಸ ಇನ್ನೂ ಬಾಕಿಯಿದೆ. ಪುಟಗಳನ್ನು ನೇರವಾಗಿ ಪಡೆಯುವ ಡ್ರೈವರ್‌ಗಳು ಅದಕ್ಕೆ ಕಾಣುವುದಿಲ್ಲ, ದೊಡ್ಡ ಜಾಗಗಳನ್ನು ಕೊಡುವ ವಿಮ್ಯಾಲಕ್ ಕಾಣುವುದಿಲ್ಲ, ಸ್ವಂತ ಸ್ಲ್ಯಾಬ್ ಗುಂಪು ಕಟ್ಟಿಕೊಂಡವರೂ ಕಾಣುವುದಿಲ್ಲ. ಸದ್ಯಕ್ಕೆ ವರದಿಯ ಮೊದಲ ಸಾಲಿನಲ್ಲೇ, ಮೂರು ಎಣಿಕೆಗಳ ಪಕ್ಕದಲ್ಲಿ, ‘ಕೆಮ್ಯಾಲಕ್ ಮಾತ್ರ’ ಎಂದು ಅಚ್ಚಾಗುವಂತೆ ಮಾಡಿದ್ದೇನೆ. ಮುಂದಿನ ಆವೃತ್ತಿಗೆ ಮೊದಲು ಪುಟಗಳ ಟ್ರೇಸ್‌ಪಾಯಿಂಟನ್ನು ಸೇರಿಸಬೇಕು. ಅಲ್ಲೂ ಯಾವುದೋ ಹಿತ್ತಿಲ ಬಾಗಿಲು ಇರುತ್ತದೆಂದು ಭಾವಿಸಿ, ತಪ್ಪಿದ ಬಿಡುಗಡೆಯ ಎಣಿಕೆಯನ್ನು ಅದಕ್ಕಿಂತ ಮುಂಚೆಯೇ ಬರೆದಿಟ್ಟಿದ್ದೇನೆ.